ಹಾಲು ಸುರಿಯುವ ಹೆಂಗಸು, ಒಂಬತ್ತು ಟೈಲ್‌ಗಳ ಮೇಲೆ

ನೆದರ್ಲೆಂಡ್ಸ್‌ನ ಚಿತ್ರಕಾರ ವರ್ಮೀರ್ ಸುಮಾರು 1660ರಲ್ಲಿ ಬರೆದ ಹಾಲು ಸುರಿಯುವ ಹೆಂಗಸಿನ ಚಿತ್ರ ನೋಡಿರ್ತೀರಿ. ದಿನಾ ಬೆಳಿಗ್ಗೆ ಡೇರಿಗೆ ಹಾಲು ಹಾಕುವ ನಮ್ಮ ಹಾಸನದ ಕಡೆಯವರಿಗೆ ಅದು ಬೇರೆ ದೇಶದ ಚಿತ್ರ ಅನ್ನಿಸುವುದೇ ಇಲ್ಲ. ವರ್ಮೀರ್ ಇದ್ದ ಡೆಲ್ಫ್ಟ್ ಊರು ನೀಲಿ-ಬಿಳಿ ಟೈಲ್‌ಗೆ ಹೆಸರುವಾಸಿ, ಚಿತ್ರದೊಳಗೇ ಗೋಡೆಯ ಬುಡದಲ್ಲಿ ಅಂಥ ಟೈಲ್ ಸಾಲು ಇದೆ. ಹಾಗಾಗಿ ಈ ಚಿತ್ರವನ್ನು ಅದೇ ಊರಿನ ಹಳೇ ವಿಧಾನದಲ್ಲಿ ಟೈಲ್ ಮೇಲೆ ಬರೆಯೋಣ.

ಮೂಲ ಚಿತ್ರ 45.5 × 41 ಸೆಂ.ಮೀ. ಅಷ್ಟೇ. 15 ಸೆಂ.ಮೀ.ನ ಒಂಬತ್ತು ಟೈಲ್ ಜೋಡಿಸಿದರೆ ಹೆಚ್ಚೂಕಡಿಮೆ ಅದೇ ಅಳತೆ, ಎರಡು ಪಕ್ಕದಲ್ಲಿ ಸ್ವಲ್ಪ ಬಿಳಿ ಉಳಿಯುತ್ತದೆ.

ಅಂಗಡಿಯ ಟೈಲ್ ಬೇಡ. ಕುಂಬಾರರ ಹತ್ತಿರ ಕೆರೆ ಮಣ್ಣು ತನ್ನಿ. ಡೆಲ್ಫ್ಟ್‌ನವರು ಮಣ್ಣಿಗೆ ಸುಣ್ಣದಂಶದ ಮಣ್ಣು ಬೆರೆಸುತ್ತಿದ್ದರು, ಅದಿಲ್ಲದಿದ್ದರೆ ಗ್ಲೇಜ್, ಅಂದರೆ ಟೈಲ್ ಮೇಲಿನ ಗಾಜಿನಂಥ ಲೇಪ, ಕೂದಲೆಳೆಯಂತೆ ಬಿರುಕು ಬಿಡುತ್ತದೆ. ನೀವು ನುಣ್ಣನೆಯ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ ಬೆರೆಸಿ. ಹರಳು ಉಳಿದರೆ ಸುಟ್ಟ ಮೇಲೆ ಟೈಲ್ ಸಿಡಿಯುತ್ತದೆ, ಜರಡಿ ಹಿಡಿಯಲೇಬೇಕು. ಮಣ್ಣು ಎಷ್ಟು ಕುಗ್ಗುತ್ತದೆ ಅಂತ ಒಂದು ತುಂಡು ಸುಟ್ಟು ನೋಡಿಕೊಂಡು ಟೈಲ್ ಕತ್ತರಿಸಿ. ಮಳೆಗಾಲದಲ್ಲಿ ಶುರು ಮಾಡಬೇಡಿ, ನಮ್ಮ ಮಲೆನಾಡಿನ ಅಂಚಿನ ತೇವಕ್ಕೆ ಅದು ಒಣಗುವುದೇ ಇಲ್ಲ.

ಒಮ್ಮೆ ಸುಟ್ಟ ಟೈಲ್‌ಗೆ ಬಿಳಿ ಗ್ಲೇಜ್ ಹಾಕಬೇಕು. ಹಿಂದೆ ಸೀಸ ಹಾಕುತ್ತಿದ್ದರು, ಅದು ವಿಷ. ಸೀಸವಿಲ್ಲದ ಪಾರದರ್ಶಕ ಗ್ಲೇಜ್ ಪುಡಿ ಕೊಂಡು 100 ಗ್ರಾಂಗೆ 8ರಿಂದ 10 ಗ್ರಾಂ ಟಿನ್ ಆಕ್ಸೈಡ್ ಸೇರಿಸಿದರೆ ಹಾಲಿನ ಬಿಳಿ ಬರುತ್ತದೆ. ಪುಡಿ ಕಲೆಸುವಾಗ ಮಾಸ್ಕ್ ಇರಲಿ. ಟೈಲ್ ಮುಖಕ್ಕೆ ಬೆರಳಿನ ಜಿಡ್ಡು ತಾಕಿಸಬೇಡಿ, ನನ್ನ ಮೊದಲ ಕಂತಿನಲ್ಲಿ ಎರಡು ಟೈಲ್‌ಗಳ ಗ್ಲೇಜ್ ಅಲ್ಲಲ್ಲಿ ಹಿಂದೆ ಸರಿದು ಕೆಂಪು ಮಣ್ಣು ಕಾಣಿಸಿತ್ತು.

ಚಿತ್ರ ಇಳಿಸಲು ಬಟರ್ ಪೇಪರ್‌ನಲ್ಲಿ ಗೆರೆ ತೆಗೆದು ಸೂಜಿಯಿಂದ ಚುಚ್ಚಿ, ತೆಳು ಬಟ್ಟೆಯಲ್ಲಿ ಕಟ್ಟಿದ ಇದ್ದಿಲ ಪುಡಿಯನ್ನು ಮೇಲೆ ತಟ್ಟಿ. ಆರಿ ವರ್ಕ್‌ನವರು ಬ್ಲೌಸ್ ಮೇಲೆ ಡಿಸೈನ್ ಇಳಿಸುವುದೂ ಹೀಗೇ ಅಲ್ವಾ? ಡೆಲ್ಫ್ಟ್‌ನಲ್ಲೂ ಇದೇ ಉಪಾಯ. ಇದ್ದಿಲ ಚುಕ್ಕೆ ಬೆಂಕಿಯಲ್ಲಿ ಉರಿದು ಹೋಗುತ್ತದೆ.

ಈಗ ಬಣ್ಣ. ಕೋಬಾಲ್ಟ್ ಆಕ್ಸೈಡ್ ಕೈಯಲ್ಲಿ ಕಪ್ಪು ಪುಡಿ, ಸುಟ್ಟ ಮೇಲೆ ನೀಲಿ. ಚಿಟಿಕೆ ಪುಡಿಯನ್ನು ನುಣ್ಣಗೆ ಅರೆದು, ಮೂರು ಬಟ್ಟಲಲ್ಲಿ ಮೂರು ಹದಕ್ಕೆ ನೀರು ಬೆರೆಸಿ, ಮೊದಲು ಬೇರೆ ತುಂಡಿನ ಮೇಲೆ ಸುಟ್ಟು ನೋಡಿ, ಯಾಕೆಂದರೆ ಹಸಿಯಲ್ಲಿ ತೆಳು ಅನ್ನಿಸಿದ್ದೂ ಬೆಂಕಿಯಿಂದ ಬಂದಾಗ ಗಾಢ ನೀಲಿಯಾಗಿರುತ್ತದೆ. ಇನ್ನೂ ಸುಡದ ಒಣ ಗ್ಲೇಜ್ ಬ್ರಷ್ ಇಟ್ಟ ಕೂಡಲೇ ನೀರು ಹೀರುತ್ತದೆ, ಅಳಿಸಲು ಆಗುವುದಿಲ್ಲ. ತೆಳು ನೀಲಿ ಮೊದಲು, ಗಾಢ ಕೊನೆಗೆ. ಹಳದಿ ಕುಪ್ಪಸವೂ ನೀಲಿಯ ತೆಳು ಹದದಲ್ಲೇ ಬರಲಿ, ಹಳೇ ಹಳದಿಯಲ್ಲಿ ಸೀಸ ಇರುತ್ತಿತ್ತು.

ಹಾಲಿನ ಎಳೆಯನ್ನು ಮಾತ್ರ ಬರೆಯಬೇಡಿ. ಅದು ಬಿಟ್ಟ ಜಾಗ. ಜಗ್‌ನ ಬಾಯಿಯ ನೆರಳನ್ನು ಗಾಢ ಮಾಡಿ, ಎಳೆಯ ಎರಡೂ ಪಕ್ಕಕ್ಕೆ ತೆಳು ನೀಲಿ ಕೊಡಿ, ನಡುವಿನ ಬಿಳಿಯನ್ನು ಮುಟ್ಟದೆ ಬಿಡಿ. ಇದೊಂದಕ್ಕೆ ನಾನು ಕಾಗದದ ಮೇಲೆ ಎರಡು ವಾರ ಕೈ ಪಳಗಿಸಿದೆ.

ಕುಂಬಾರರ ಆವಿಗೆಯ ಹೊಗೆ ಇದಕ್ಕೆ ಆಗಿಬರುವುದಿಲ್ಲ. ಕರೆಂಟಿನ ಗೂಡಿನಲ್ಲಿ ಸುಮಾರು 1040 ಡಿಗ್ರಿ, ನಿಮ್ಮ ಗ್ಲೇಜ್ ಪೊಟ್ಟಣದಲ್ಲಿ ಹೇಳಿದ ಶಾಖ ನೋಡಿಕೊಳ್ಳಿ. ಒಂಬತ್ತನ್ನೂ ಒಟ್ಟಿಗೇ ಸುಡಿ, ಬೇರೆ ಬೇರೆ ಸುಟ್ಟರೆ ಬಿಳಿ ಹೊಂದುವುದಿಲ್ಲ. ಗೂಡು 100 ಡಿಗ್ರಿಗಿಂತ ಕೆಳಗೆ ಇಳಿಯುವ ತನಕ ಬಾಗಿಲು ತೆರೆಯಬೇಡಿ, ಮಾರನೇ ದಿನವಾದರೂ ಸರಿ.