ಹಾವೆಲ್ ಹಾದಿಯಲ್ಲಿ ನನ್ನದೊಂದು ಮೂರು ನಡೆಯ ಚೆಸ್ ಪ್ರಾಬ್ಲಮ್

ಬೊಹೀಮಿಯನ್ ಶೈಲಿಯಲ್ಲಿ, ಅಂದರೆ ಚೊಕ್ಕ ಮೇಟ್‌ಗಳೇ ಮುಖ್ಯವಾದ ಚೆಕ್ ನಾಡಿನ ಶೈಲಿಯಲ್ಲಿ, ಚೆಸ್ ಪ್ರಾಬ್ಲಮ್ ಕಟ್ಟೋಕೆ ಇನ್ನೇನೂ ಉಳಿದಿಲ್ಲ, ಇರೋದನ್ನೆಲ್ಲ ಚೆಕ್ಕರು ನೂರು ವರ್ಷದ ಹಿಂದೆಯೇ ಕಟ್ಟಿ ಮುಗಿಸಿದ್ದಾರೆ ಅಂತ ಗೆಳೆಯರು ಹೇಳುತ್ತಲೇ ಇದ್ದರು. ಹೋದ ತಿಂಗಳು, ಬಿಳಿ ಮೂರು ನಡೆಯಲ್ಲಿ ಮೇಟ್ ಮಾಡಬೇಕಾದ ನನ್ನ ಪ್ರಾಬ್ಲಮ್ ಅಚ್ಚಾಯಿತು. ಒಂಬತ್ತು ಕಾಯಿ, ಮೂರು ಮಾಡೆಲ್ ಮೇಟ್ (ರಾಜನ ಸುತ್ತಲಿನ ಯಾವ ಮನೆಗೂ ಎರಡು ಕಾವಲಿಲ್ಲದ, ಕಾಯಿ ದಂಡವಾಗದ ಚೊಕ್ಕ ಮೇಟ್). ಅದರಲ್ಲಿ ಎರಡು ಕಮೀಲಿಯನ್ ಎಕೋ, ಅಂದರೆ ಅದೇ ಮೇಟ್ ಇನ್ನೊಂದು ಬಣ್ಣದ ಮನೆಯ ಮೇಲೆ ಮತ್ತೆ ಬರೋದು. ಪ್ರಾಬ್ಲಮ್ ಪರೀಕ್ಷಿಸುವ ಪ್ರೋಗ್ರಾಮ್ ಪಾಪಾಯ್‌ಗೆ ಒಂದು ಕುಕ್ಕೂ (ನಾನು ಎಣಿಸದ ಬೇರೆ ಉತ್ತರ) ಸಿಗಲಿಲ್ಲ.

ನನಗೆ ಗುರು ಚೆಕ್ ಪ್ರಾಬ್ಲಮ್ ರಚನಕಾರ ಮಿರೊಸ್ಲಾವ್ ಹಾವೆಲ್. ನಿಜವಾದ ಹೆಸರು ಕೊಶ್ತ್ಯಾಲ್. 1881ರಲ್ಲಿ ಹುಟ್ಟಿ 1958ರಲ್ಲಿ ತೀರಿಕೊಂಡವರು. ಅವರ 500 ಪ್ರಾಬ್ಲಮ್‌ಗಳು ಅಲೈನ್ ವೈಟ್ ಹೊರತರುತ್ತಿದ್ದ 'ಕ್ರಿಸ್‌ಮಸ್' ಪ್ರಾಬ್ಲಮ್ ಪುಸ್ತಕ ಮಾಲೆಯಲ್ಲಿ 1923ರಲ್ಲಿ 'ಬೊಹೀಮಿಯನ್ ಗಾರ್ನೆಟ್ಸ್' ಅಂತ ಬಂದವು. ಗಾರ್ನೆಟ್ ಆ ನಾಡಿನ ಕೆಂಪು ಹರಳು. ಹಾವೆಲ್ ಪ್ರಾಬ್ಲಮ್ ಕೂಡ ಹಾಗೇ: ಚಿಕ್ಕದು, ತಿರುಗಿಸಿದರೆ ಹೊಳೆಯುತ್ತದೆ. ಪ್ರಾಗ್‌ನಲ್ಲಿ ಕೆಲಸಕ್ಕಿದ್ದಾಗ ಹಳೇ ಪುಸ್ತಕದ ಅಂಗಡಿಯಲ್ಲಿ ಆ ಪುಸ್ತಕ ಕಣ್ಣಿಗೆ ಬಿತ್ತು. ಸುಮಾರು 1,800 ಕೊರುನ ಕೊಟ್ಟೆ. ತಿಂಗಳ ಕೊನೆ, ಕೈಯಲ್ಲಿ ದುಡ್ಡಿರಲಿಲ್ಲ. ಆದರೂ ಬಿಟ್ಟು ಬರೋಕೆ ಮನಸ್ಸಾಗಲಿಲ್ಲ.

ಮೊದಲ ಎರಡು ವರ್ಷ ಪೂರ್ತಿ ಸೋಲು. ಒಳ್ಳೆ ಮೊದಲ ನಡೆ ಹುಡುಕಿ ಅಲ್ಲಿಂದ ಮುಂದೆ ಕಟ್ಟುತ್ತಿದ್ದೆ. ಕೊನೆಗೆ ಬರುವ ಮೇಟ್‌ಗಳಲ್ಲಿ ಒಂದಲ್ಲ ಒಂದು ಮನೆಗೆ ಎರಡು ಕಾವಲು ಇದ್ದೇ ಇರುತ್ತಿತ್ತು. ನಲವತ್ತು ಪೊಸಿಷನ್ ಆದರೂ ಎಸೆದಿದ್ದೇನೆ. ಒಂದನ್ನು ಪತ್ರಿಕೆಯೊಂದಕ್ಕೆ ಕಳಿಸಿದೆ. ಎಂಟು ತಿಂಗಳು ಇಟ್ಟುಕೊಂಡು, ಇದು 1930ರ ಸುಮಾರಿನಲ್ಲೇ ಬಂದಿದೆ ಅಂತ ವಾಪಸ್ ಕಳಿಸಿದರು. ಬೇಜಾರಾಯಿತು. ಆದರೆ ಹಳೇ ಪ್ರಾಬ್ಲಮ್‌ಗಳ ಆನ್‌ಲೈನ್ ಸಂಗ್ರಹ ವೈಎಸಿಪಿಡಿಬಿಯಲ್ಲಿ ಹುಡುಕಿದ್ದರೆ ಹತ್ತು ನಿಮಿಷದ ಕೆಲಸ ಅಷ್ಟೇ. ದುಡ್ಡು ಕೊಟ್ಟು ಪ್ರಾಬ್ಲಮ್ ಬಿಡಿಸುವ ಇನ್ನೊಂದು ಪ್ರೋಗ್ರಾಮ್ ಬೇರೆ ತೆಗೆದುಕೊಂಡಿದ್ದೆ, ಆರೇಳು ಸಾವಿರ ಹೋಯಿತು. ನಮ್ಮ ಕೆಲಸಕ್ಕೆ ಪಾಪಾಯ್ ಧಾರಾಳವಾಗಿ ಸಾಕು.

ಆಮೇಲೆ ಉಲ್ಟಾ ಹೊರಟೆ. ಖಾಲಿ ಬೋರ್ಡ್ ಮೇಲೆ ಬರೀ ಮೇಟ್ ಇಟ್ಟೆ. ಕರಿ ರಾಜ ಎ5, ಬಿಳಿ ರಾಣಿ ಬಿ5, ಕುದುರೆ ಡಿ4. ಕುದುರೆ ರಾಣಿಯನ್ನು ಮಾತ್ರ ಕಾಯುತ್ತದೆ, ಉಳಿದ ನಾಲ್ಕು ಮನೆಯೂ ರಾಣಿಯದು. ಯಾವ ಮನೆಗೂ ಎರಡನೇ ಕಾವಲಿಲ್ಲ. ಈಗ ಮೂರೂ ಕಾಯಿಗಳನ್ನು ಒಂದೊಂದು ಮನೆ ಕೆಳಗೆ ಇಳಿಸಿ: ರಾಜ ಎ4, ರಾಣಿ ಬಿ4, ಕುದುರೆ ಡಿ3. ಅದೇ ಮೇಟ್, ಆದರೆ ರಾಜ ಕಪ್ಪು ಮನೆಯಿಂದ ಬಿಳಿ ಮನೆಗೆ ಬಂದ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಕುದುರೆ ಜಾಗಕ್ಕೆ ಒಂಟೆ ಹಾಕಿದರೆ ಏನಾಗುತ್ತೆ ಅಂತ ಒಂದು ವಾರ ಅದರ ಹಿಂದೆ ಬಿದ್ದೆ. ಡಿ3ರಲ್ಲಿ ಒಂಟೆ ಇಟ್ಟರೆ ಎ5ರ ಮೇಟ್ ಅಷ್ಟೇ ಚೊಕ್ಕ. ಆದರೆ ಅದು ಬಿಳಿ ಮನೆಯ ಒಂಟೆ, ಬಿ4ರ ರಾಣಿಯನ್ನು ಎಂದೂ ಕಾಯೋಕಾಗಲ್ಲ. ಎಕೋ ಅಲ್ಲಿಗೇ ಸತ್ತಿತು. ಬಿ1ರಲ್ಲಿ ಆನೆ ಇಟ್ಟರೆ ಬಿ4ಕ್ಕೆ ಎರಡು ಕಾವಲು ಬೀಳುತ್ತದೆ. ಅಡ್ಡ ಸಾಲಿನ ಆ ತುದಿ ಎಚ್5ರಲ್ಲಿ ಇಟ್ಟರೆ ಮೇಟ್ ಚೊಕ್ಕವೇ, ಆದರೆ ಅಲ್ಲಿ ನಿಂತ ಆನೆ ಎಲ್ಲೆಲ್ಲೋ ಕುಕ್ ತರುತ್ತದೆ. ಕುದುರೆಯೇ ಗಟ್ಟಿ ಅಂತ ಆಗ ಖಾತ್ರಿಯಾಯಿತು.

ಎರಡೂ ಮೇಟ್ ಸಿಕ್ಕ ಮೇಲೆ ಹಿಂದಕ್ಕೆ ನಡೆದೆ. ಕರಿ ರಾಜ ಎ5ಕ್ಕೋ ಎ4ಕ್ಕೋ ಹೋಗೋ ಹಾಗೆ ಮಾಡುವ ನಿಶ್ಶಬ್ದ (ಚೆಕ್ ಕೊಡದ) ಎರಡನೇ ನಡೆ ಸಿಗೋಕೆ ಮೂರು ತಿಂಗಳು ಹಿಡಿಯಿತು. ಮೂರನೇ ಮೇಟ್ ತಾನಾಗಿ ಬಂತು. ಬಿಳಿ ರಾಜನನ್ನು ಎಲ್ಲಿಟ್ಟರೆ ಕುಕ್ ಎಲ್ಲ ಒಟ್ಟಿಗೆ ಹೋಗುತ್ತವೆ ಅನ್ನೋದಕ್ಕೆ ನನ್ನದೇ ಒಂದು ಲೆಕ್ಕ ಇದೆ. ಅದನ್ನ ಸದ್ಯಕ್ಕೆ ಹೇಳಲ್ಲ, ಇನ್ನೂ ಎರಡು ಪ್ರಾಬ್ಲಮ್ ಅದರಿಂದ ಆಗಬೇಕಿದೆ.

ಈಗ ಎಂಟು ಕಾಯಿಗೆ ಇಳಿಸಲು ನೋಡುತ್ತಿದ್ದೇನೆ. ಎಚ್7ರ ಕರಿ ಕಾಲಾಳು ತೆಗೆದರೆ ಒಂದೇ ಒಂದು ಡ್ಯುಯಲ್ (ಬಿಳಿಗೆ ಒಂದರ ಬದಲು ಎರಡು ನಡೆ ಸಿಗೋದು) ಬರುತ್ತಿದೆ.