ಎಂಟು ಮನೆ ಕಬ್ಬು, ಒಂದೇ ಕೊಪ್ಪರಿಗೆ

ಸಾಗರ, ಸೊರಬದ ಕಡೆ ನಮ್ಮಂಥವರ ಕಬ್ಬಿನ ಗದ್ದೆ ಹತ್ತು ಗುಂಟೆ, ಹದಿನೈದು ಗುಂಟೆ. ಭದ್ರಾವತಿಯ ಎಂಪಿಎಂ (ಮೈಸೂರು ಕಾಗದ ಕಾರ್ಖಾನೆ) ಸಕ್ಕರೆ ಘಟಕವೂ ಶಿವಮೊಗ್ಗದ ತುಂಗಭದ್ರಾ ಸಕ್ಕರೆ ಕಾರ್ಖಾನೆಯೂ ನಿಂತ ಮೇಲೆ ಕಾರ್ಖಾನೆಗೆ ಕೊಡುವುದಾದರೆ ದೂರ ಸಾಗಿಸಬೇಕು. 2025-26ರ ಹಂಗಾಮಿಗೆ ಕೇಂದ್ರ ನಿಗದಿ ಮಾಡಿದ ಕನಿಷ್ಠ ಕಬ್ಬಿನ ದರ, ಅಂದರೆ ಎಫ್‌ಆರ್‌ಪಿ, ಶೇ 10.25 ಸಕ್ಕರೆ ಇಳುವರಿಗೆ ಕ್ವಿಂಟಲಿಗೆ 355 ರೂಪಾಯಿ. ಅದು ಕಾರ್ಖಾನೆ ಬಾಗಿಲಿನ ದರ. ಕಟಾವು, ಸಾಗಣೆ ಖರ್ಚು ಅದರಲ್ಲೇ ಮುರಿದುಕೊಳ್ಳುತ್ತದೆ; ದೂರ ಹೆಚ್ಚಿದಷ್ಟೂ ಕೈಗೆ ಸಿಗುವುದು ಕಡಿಮೆ. ಅದಕ್ಕೇ ಎಂಟು ಮನೆಯವರು ಸೇರಿ ಆಲೆಮನೆ ಹಾಕಿ ಜೋನಿಬೆಲ್ಲ (ಅಚ್ಚು ಹಾಕದ, ಪಾಕದಂಥ ನೀರುಬೆಲ್ಲ) ಮಾಡುತ್ತೇವೆ.

ಬೆಲ್ಲ ಕಾಯಿಸುವುದು ಇಲ್ಲಿ ಹೊಸ ವಿದ್ಯೆಯಲ್ಲ. ಕೂಡಿ ಮಾಡುವ ಆಲೆಮನೆ ಒಡೆಯುವುದು ಪಾಲಿನ ವಿಷಯಕ್ಕೆ. ಹೊರೆ ಎಣಿಸಿ ಪಾಲು ಮಾಡಿದರೆ ಚೆನ್ನಾಗಿ ಬೆಳೆದವರಿಗೆ ನಷ್ಟ, ಬರೀ ತೂಕ ಹಿಡಿದರೂ ಅದೇ ಕಥೆ. ನಾವು ಹಾಲನ್ನು (ಕಬ್ಬಿನ ರಸಕ್ಕೆ ಇಲ್ಲಿ ಹಾಲು ಎನ್ನುತ್ತೇವೆ) ತೂಗಿ, ಬ್ರಿಕ್ಸ್ ಮೀಟರಿನಲ್ಲಿ (ಹಾಲಿನಲ್ಲಿ ಕರಗಿದ ಸಿಹಿ ನೂರಕ್ಕೆ ಎಷ್ಟೆಂದು ತೋರಿಸುವ ಸಲಕರಣೆ) ಸಿಹಿ ನೋಡಿ, ಎರಡನ್ನೂ ಗುಣಿಸಿ, ನೂರರಿಂದ ಭಾಗಿಸಿ ಪುಸ್ತಕದಲ್ಲಿ ಬರೆಯುತ್ತೇವೆ. ಟನ್ ಕಬ್ಬಿಗೆ 600 ಕೆಜಿ ಹಾಲು ಬಂತು ಅನ್ನಿ. ಒಬ್ಬರದು 20 ಬ್ರಿಕ್ಸ್ ಆದರೆ 120 ಅಂಕ, ಇನ್ನೊಬ್ಬರದು 16 ಆದರೆ 96. ಜೋನಿಯಲ್ಲಿ ಸ್ವಲ್ಪ ನೀರೂ ಉಳಿಯುವುದರಿಂದ, ಕಾಯಿಸಿ ಇಳಿಸಿದಾಗ ಸುಮಾರು 30 ಕೆಜಿ ವ್ಯತ್ಯಾಸ. ಇಷ್ಟನ್ನು ಕಣ್ಣಂದಾಜಿಗೆ ಬಿಡುವುದು ಅನ್ಯಾಯ.

ಮೀಟರಿನ ಗಾಜಿಗೆ ಮೊದಲು ಶುದ್ಧ ನೀರಿನ ಹನಿ ಬಿಟ್ಟು ಗೆರೆ ಸೊನ್ನೆಗೆ ಬಂತೇ ನೋಡಬೇಕು. ಆಮೇಲೆ ಸೋಸಿದ ಹಾಲಿನ ಎರಡು ಹನಿ, ಮುಚ್ಚಳ, ಬೆಳಕಿಗೆ ಹಿಡಿದು ನೋಟ. ಮೇಲೆ ನೀಲಿ, ಕೆಳಗೆ ಬಿಳಿ, ಅವೆರಡು ಕೂಡುವ ಗೆರೆಯೇ ಲೆಕ್ಕ. ಸಿಪ್ಪೆಯ ಚೂರು ಸಿಕ್ಕಿದ್ದರೆ ಗೆರೆ ಮಸುಕಾಗುತ್ತದೆ. ಗಾಣದಿಂದ ಮೊದಲು ಇಳಿಯುವ ಹಾಲಿನಲ್ಲಿ ಸಿಹಿ ಹೆಚ್ಚು. ಆದ್ದರಿಂದ ಒಬ್ಬರ ಕಬ್ಬು ಪೂರ್ತಿ ಅರೆದು, ಹಾಲನ್ನು ಕಲಕಿದ ಮೇಲೆಯೇ ಹನಿ ತೆಗೆಯುವುದು. ಕಬ್ಬಿನ ಯಜಮಾನರೂ ಗಾಜಿನೊಳಗೆ ನೋಡಿ ಪುಸ್ತಕಕ್ಕೆ ರುಜು ಹಾಕುತ್ತಾರೆ.

ಮೀಟರಿಗೆ ಗೊತ್ತಾಗದ ಒಂದು ಸಂಗತಿಯಿದೆ. ಕಡಿದು ಎರಡು ದಿನ ಬಿಸಿಲಿಗೆ ಬಿದ್ದ ಕಬ್ಬಿನ ನೀರು ಆರಿ ಬ್ರಿಕ್ಸ್ ಏರುತ್ತದೆ, ಒಳಗಿನ ಸಕ್ಕರೆ ಮಾತ್ರ ಒಡೆದಿರುತ್ತದೆ. ಅಂಥ ಹಾಲು ಹುಳಿ ವಾಸನೆ ಬರುತ್ತದೆ, ಸಿಕ್ಕಾಪಟ್ಟೆ ನೊರೆ ಏಳುತ್ತದೆ, ಇಡೀ ಕೊಪ್ಪರಿಗೆಯ ಬಣ್ಣ ಕೆಡಿಸುತ್ತದೆ. ಕಡಿದ 24 ಗಂಟೆಯೊಳಗೆ ಗಾಣಕ್ಕೆ ಕೊಡಬೇಕೆಂಬ ನಿಯಮಕ್ಕೆ ನಮ್ಮಲ್ಲಿ ವಿನಾಯಿತಿ ಇಲ್ಲ, ನೆಂಟರಾದರೂ ಸರಿ.

ಹಾಲು ಬಿಸಿಯಾಗುತ್ತಿದ್ದಂತೆ ಸುಣ್ಣದ ತಿಳಿ ಸ್ವಲ್ಪಸ್ವಲ್ಪವೇ ಹಾಕಿ ಪಿಎಚ್ ಕಾಗದದಲ್ಲಿ 6ರಿಂದ 6.5ಕ್ಕೆ ತರುತ್ತೇವೆ. ಮೀರಿದರೆ ಬೆಲ್ಲ ಕಪ್ಪಾಗುತ್ತದೆ. ಜಜ್ಜಿ ನೆನೆಸಿದ ಬೆಂಡೆ ಗಿಡದ ಲೋಳೆ ಬಿಟ್ಟರೆ ಕೊಳೆಯೆಲ್ಲ ಮೇಲೆ ಕಟ್ಟುತ್ತದೆ. ಕುದಿ ಜೋರಾಗುವ ಮೊದಲೇ ಅದನ್ನು ಜಾಲರಿಯಲ್ಲಿ ಬಳಿದು ತೆಗೆಯಬೇಕು, ತಡವಾದರೆ ಮತ್ತೆ ಕಲಸಿಹೋಗುತ್ತದೆ. ಬಿಳುಪಿಗಾಗಿ ಹೈಡ್ರೋಸ್ ಎಂಬ ರಾಸಾಯನಿಕ ಹಾಕುವುದಿಲ್ಲ.

ಜೋನಿ ಇಳಿಸಬೇಕಾದ್ದು 105–106 ಡಿಗ್ರಿಗೆ ಎಂದು ಪುಸ್ತಕಗಳಲ್ಲಿದೆ. ನಮ್ಮದು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ಊರು, ನೀರು 98ಕ್ಕೇ ಕುದಿಯುತ್ತದೆ. ಪುಸ್ತಕದ ಅಂಕಿ ನೋಡುತ್ತ ಕೂತರೆ ಪಾಕ ಗಟ್ಟಿಯಾಗಿ ಡಬ್ಬದ ತಳದಲ್ಲಿ ಹರಳು ಕಟ್ಟುತ್ತದೆ. ದಿನಾ ಬೆಳಗ್ಗೆ ಥರ್ಮಾಮೀಟರನ್ನು ಕುದಿನೀರಿಗೆ ಇಟ್ಟು, ಅದು ತೋರಿಸಿದ್ದಕ್ಕೆ ಆರು ಕೂಡಿಸಿ, ಅಲ್ಲಿಗೆ ಇಳಿಸಿ. ಹರಳಾಗದಂತೆ 100 ಕೆಜಿ ಜೋನಿಗೆ 40 ಗ್ರಾಂ ಸಿಟ್ರಿಕ್ ಆಮ್ಲ ಸಾಕು. ಎಂಟು-ಹತ್ತು ದಿನ ತಿಳಿಯಾಗಲು ಬಿಟ್ಟು, ಸೋಸಿ, ಪೂರ್ತಿ ಒಣಗಿದ ಡಬ್ಬಕ್ಕೆ ತುಂಬುವುದು. ತೊಳೆದ ನೀರು ಒಂದು ಲೋಟದಷ್ಟು ಉಳಿದಿದ್ದರೂ ಮಳೆಗಾಲದಲ್ಲಿ ಹುಳಿ ಬಂದು ಮುಚ್ಚಳ ಉಬ್ಬುತ್ತದೆ.

ಹಣದ ಹಂಚಿಕೆಯಲ್ಲಿ ಮೊದಲು ಕೂಲಿ. ಅರೆಯುವವರು, ಒಲೆಯವರು, ಡಬ್ಬ ತುಂಬುವ ಹೆಂಗಸರು, ಎಲ್ಲರಿಗೂ ವಾರದ ಕೊನೆಗೆ ಪೂರ್ತಿ ಕೊಡುತ್ತೇವೆ, ಮಾರಾಟ ಆಗಿರಲಿ ಬಿಡಲಿ. ಆಮೇಲೆ ಡೀಸೆಲ್, ಡಬ್ಬ. ಉಳಿದದ್ದು ಅಂಕದ ಪ್ರಕಾರ ಪಾಲು. ಕಾರ್ಖಾನೆಗಳು 14 ದಿನದಲ್ಲಿ ಹಣ ಕೊಡಬೇಕು, ತಪ್ಪಿದರೆ ವರ್ಷಕ್ಕೆ ಶೇ 15 ಬಡ್ಡಿ ಸೇರಿಸಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಆ 14 ದಿನವನ್ನು ನಮಗೂ ಹಾಕಿಕೊಂಡಿದ್ದೇವೆ: ಅರೆದ 14ನೇ ದಿನ ಅರ್ಧ ಹಣ ಬೆಳೆದವರ ಖಾತೆಗೆ, ಮಿಕ್ಕಿದ್ದು ಡಬ್ಬ ಮಾರಿದಂತೆ. ಅದಕ್ಕೆ ಬೇಕಾದ ಗಂಟು ಹಂಗಾಮು ಶುರುವಾಗುವ ಮೊದಲೇ ಬ್ಯಾಂಕಿನಲ್ಲಿರಬೇಕು. ಗಂಟಿಲ್ಲದ ವರ್ಷ ಗಾಣ ಹೂಡಬೇಡಿ.