ಮನೆಯಲ್ಲೇ ಕಟ್ಟುವ ಸಬ್‌ಮರೀನು: ಮೋಟಾರು, ಬ್ಯಾಟರಿ ಲೆಕ್ಕ

ಎಷ್ಟು ಎಚ್‌ಪಿ ಮೋಟಾರು ಬೇಕು ಅಂತಲೇ ಎಲ್ಲರೂ ಶುರು ಮಾಡುತ್ತಾರೆ. ಅದು ಆಮೇಲೆ. ಮೊದಲು ವೇಗ ತೀರ್ಮಾನಿಸಿ. ಒಬ್ಬರು ಕೂರುವ, 90 ಸೆಂಟಿಮೀಟರ್ ಅಗಲದ ದುಂಡು ಹಲ್‌ಗೆ, ಅಂದರೆ ಸಬ್‌ಮರೀನಿನ ಹೊರಮೈಗೆ, ಸೆಕೆಂಡಿಗೆ 1 ಮೀಟರ್ ಸಾಕು. ಆ ವೇಗದಲ್ಲಿ ನೀರಿನ ತಡೆ ಸುಮಾರು 16 ಕೆಜಿ ಬರುತ್ತದೆ, ಪ್ರೊಪೆಲ್ಲರ್ ಮತ್ತು ಮೋಟಾರಿನಲ್ಲಿ ಪೋಲಾಗುವುದನ್ನೂ ಸೇರಿಸಿ ಬ್ಯಾಟರಿಯಿಂದ 400 ವ್ಯಾಟ್ ಅಂತ ಇಟ್ಟುಕೊಳ್ಳಿ. ವೇಗ ಎರಡು ಪಟ್ಟಾದರೆ ತಡೆ 4 ಪಟ್ಟು, ಪವರ್ 8 ಪಟ್ಟು. ಅಂದರೆ 3,200 ವ್ಯಾಟ್! ತೋಟದ ಕೆರೆಯಲ್ಲಿ ಅಷ್ಟು ಅವಸರವಾಗಿ ಹೋಗುವುದಾದರೂ ಎಲ್ಲಿಗೆ?

ಮೀನು ಹಿಡಿಯುವ ದೋಣಿಗೆ ಹಾಕುವ 12 ವೋಲ್ಟಿನ ಟ್ರೋಲಿಂಗ್ ಮೋಟಾರು ಇದಕ್ಕೆ ಸರಿ. 55 ಪೌಂಡ್ ತಳ್ಳುಬಲದ್ದು ಅಂದರೆ 25 ಕೆಜಿ ತಳ್ಳುತ್ತದೆ, ಪೂರ್ತಿ ಓಡಿಸಿದರೆ 50 ಆಂಪ್ಸ್ ಎಳೆಯುತ್ತದೆ. ಎಡಕ್ಕೊಂದು, ಬಲಕ್ಕೊಂದು ಹಾಕಿ. ಒಂದನ್ನು ಜಾಸ್ತಿ ತಿರುಗಿಸಿದರೆ ಗಾಡಿ ತಿರುಗುತ್ತದೆ, ಒಂದು ಕೈಕೊಟ್ಟರೆ ಇನ್ನೊಂದರಲ್ಲಿ ದಡ ಸೇರಬಹುದು.

ತೊಂದರೆ ಇರುವುದು ಮೋಟಾರಿನೊಳಗೆ ನೀರು ನುಗ್ಗದಂತೆ ತಡೆಯುವ ಸೀಲ್‌ನಲ್ಲಿ. ಬೋರ್‌ವೆಲ್ ಮೋಟಾರು ಅಷ್ಟು ಆಳದಲ್ಲಿ ಹೇಗೆ ಬದುಕುತ್ತದೆ? ಸಾಮಾನ್ಯವಾಗಿ ಅದರ ಒಳಗೂ ನೀರೇ ತುಂಬಿರುತ್ತದೆ, ಹಾಗಾಗಿ ಒಳಗೂ ಹೊರಗೂ ಒತ್ತಡ ಒಂದೇ. ಟ್ರೋಲಿಂಗ್ ಮೋಟಾರಿನ ಒಳಗೆ ಗಾಳಿ, ಅದರ ಸೀಲ್ ಮೇಲ್ಮೈ ಪಕ್ಕದ ನೀರಿಗೆ ಮಾಡಿದ್ದು. 10 ಮೀಟರ್ ಇಳಿದರೆ ಚದರ ಸೆಂಟಿಮೀಟರಿಗೆ 1 ಕೆಜಿ ಒತ್ತಡ ಜಾಸ್ತಿಯಾಗುತ್ತದೆ. ತೆಳು ಎಣ್ಣೆ ತುಂಬಿ, ಹೊರಗೆ ಸಣ್ಣ ರಬ್ಬರ್ ಚೀಲ ಜೋಡಿಸಿದರೆ ಒತ್ತಡ ಸಮವಾಗುತ್ತದೆ. ಗಟ್ಟಿ ಎಣ್ಣೆ ಬೇಡ, ಮೋಟಾರು ಏದುಸಿರು ಬಿಡುತ್ತದೆ, ಕಾರ್ಬನ್ ಬ್ರಷ್ಷೂ ಸರಿಯಾಗಿ ತಾಗುವುದಿಲ್ಲ.

ಬ್ಯಾಟರಿ ವಿಷಯಕ್ಕೆ ಬನ್ನಿ. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬೀಳುವ ಊರು ನಮ್ಮದು, ಇನ್ವರ್ಟರ್ ಬ್ಯಾಟರಿ ಮನೆಮನೆಯಲ್ಲೂ ಇದೆ. ಆದರೆ ಆ ಆ್ಯಸಿಡ್ ಬ್ಯಾಟರಿಯನ್ನು ಎತ್ತಿ ಕ್ಯಾಬಿನ್ ಒಳಗೆ ಇಡಬೇಡಿ. ವಾಲಿದರೆ ಚೆಲ್ಲುತ್ತದೆ, ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಗಾಳಿಯಲ್ಲಿ ಅದು 4% ದಾಟಿದರೆ ಒಂದು ಕಿಡಿ ಸಾಕು. ಸೀಲ್ಡ್ ಬ್ಯಾಟರಿ ತಗೊಂಡು ಹೊರಗಿನ ಪಾಡ್‌ನಲ್ಲಿ, ಅಂದರೆ ನೀರು ಹೋಗದ ಬೇರೆ ಪೆಟ್ಟಿಗೆಯಲ್ಲಿ, ಇಡಿ, ಮುಚ್ಚಳ ತೆರೆದೇ ಚಾರ್ಜ್ ಮಾಡಿ. 12 ವೋಲ್ಟ್, 150 ಎಎಚ್ ಅಂದರೆ ಕಾಗದದ ಮೇಲೆ 1,800 ವ್ಯಾಟ್-ಅವರ್. ಅರ್ಧ ಮಾತ್ರ ನಂಬಿ. ಫ್ಯಾನು, ಲೈಟು ಸೇರಿ 450 ವ್ಯಾಟ್ ಆದರೆ ಒಂದರಲ್ಲಿ ಎರಡು ಗಂಟೆ, ವಾಪಸ್ ಬರುವ ಧೈರ್ಯಕ್ಕೆ ಅಂತಹದ್ದೇ ಇನ್ನೊಂದು. ಅದು ಕೈಕೊಟ್ಟರೆ ಇರಲಿ ಅಂತ ಲೈಟು, ರೇಡಿಯೋಗೆ ಬೇರೆಯೇ ಸಣ್ಣ ಬ್ಯಾಟರಿ ಇಟ್ಟುಕೊಳ್ಳಿ.

ಜೀಪಿನಲ್ಲಿ ಮಾಡುವ ಹಾಗೆ ಗಾಡಿಯ ಲೋಹದ ಮೈಗೇ ಅರ್ತ್ ಕೊಡುವ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಪ್ಲಸ್, ಮೈನಸ್ ಎರಡೂ ಹಲ್‌ಗೆ ತಾಗದಂತೆ ಬೇರೆ ಬೇರೆ ವೈರಿನಲ್ಲೇ ಓಡಲಿ, ಇಲ್ಲದಿದ್ದರೆ ಸೋರುವ ಕರೆಂಟು ಕಬ್ಬಿಣವನ್ನೇ ತಿನ್ನುತ್ತದೆ. ಫ್ಯೂಸು ಬ್ಯಾಟರಿ ಟರ್ಮಿನಲ್ ಪಕ್ಕದಲ್ಲೇ. ಪೆಟ್ರೋಲ್ ಎಂಜಿನ್ ಮಾತೇ ಎತ್ತಬೇಡಿ, ನಿಮ್ಮ ಗಾಳಿಯನ್ನು ಅದೇ ಕುಡಿದುಬಿಡುತ್ತದೆ.

ಇಷ್ಟೆಲ್ಲ ಮಾಡಿದರೂ, ಮೇಲೆ ಬರುವುದು ಮಾತ್ರ ಕರೆಂಟನ್ನು ನಂಬಿರಬಾರದು. ಒಳಗಿಂದ ಕೈಯಲ್ಲೇ ಕಳಚಿ ಬೀಳಿಸುವ ಸೀಸದ ತೂಕ ಕಡ್ಡಾಯ.

ಪರೀಕ್ಷೆಗೆ ನವೆಂಬರ್ ಒಳ್ಳೆಯದು. ಮಳೆಗಾಲದಲ್ಲಿ ಕೆರೆ ಕೆಂಪು, ಫೆಬ್ರವರಿ-ಮಾರ್ಚ್‌ನಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಓಡಿಸಿ ನೀರೇ ತಳ ಕಾಣುತ್ತದೆ. ಮೊದಲು ಮೋಟಾರನ್ನು ಮಾತ್ರ ಹಗ್ಗದಲ್ಲಿ ಇಳಿಸಿ, ಆಮೇಲೆ ಯಾರೂ ಕೂರದ ಖಾಲಿ ಸಬ್‌ಮರೀನನ್ನು. ಪ್ರೊಪೆಲ್ಲರ್ ಸುತ್ತ ಬಳೆ ಹಾಕಿ, ಪಂಪಿನ ಸಕ್ಷನ್ ಪೈಪು, ಹಗ್ಗ ಎಲ್ಲ ಮೊದಲೇ ಎತ್ತಿಬಿಡಿ. ಹಾರಂಗಿ ಹಿನ್ನೀರಿನ ಆಸೆ ಇದ್ದರೆ, ಅನುಮತಿ ಕೈಗೆ ಬರುವ ತನಕ ಟ್ರೇಲರ್ ಮನೆ ಅಂಗಳ ಬಿಟ್ಟು ಹೊರಡಬಾರದು.